ಮೂರು ಕಾರು, ಒಂದು ರುಜು

ಆಸ್ಪತ್ರೆಯ ಕಾರು ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಗೇರಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲೊಂದು ಹಳೆಯ ಕಾರಿತ್ತು. ಎರಡನೇ ಗೇರು ಬೀಳುವುದಿಲ್ಲವೆಂದು ಗಂಡಸರೆಲ್ಲ ಒಬ್ಬರಾದ ಮೇಲೊಬ್ಬರು ಅದನ್ನು ಬೈದು ಮೂಲೆಗೆ ನಿಲ್ಲಿಸಿದ್ದರು. ಅವಳು ಕ್ಲಚ್ಚನ್ನು ಎರಡು ಸಲ ಒತ್ತಿ, ಎಳೆ ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ಹಾಗೆ ಮೆಲ್ಲಗೆ ಗೇರು ಬೀಳಿಸಿ, ಗೇಟು ದಾಟಿ ಹೋಗಿಯೇ ಬಿಟ್ಟಳು. ಅಂದು ಅಂಟಿದ ಹೆಸರಿಗೆ ಈಗ ಹತ್ತೊಂಬತ್ತು ವರ್ಷ.

ಅವಳ ಅಪ್ಪ ಲಾರಿ ಓಡಿಸುತ್ತಿದ್ದವನು. ಗಂಡುಮಗ ಇಲ್ಲವೆಂದು ಕೊರಗುವ ಬದಲು ಇದ್ದ ಒಬ್ಬಳು ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. "ಗಾಡೀನ ಕಣ್ಣಲ್ಲಿ ಓಡಿಸ್ಬೇಡ ಮಗಳೇ, ಅಂಗಾಲಲ್ಲಿ ಓಡಿಸು" ಎನ್ನುತ್ತಿದ್ದ. ಕಟ್ಟಿಕೊಂಡವನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ ದಿನವಿಡೀ ಗಡಗಡಿಸುತ್ತಿತ್ತು. "ನಮ್ಮನೇಲಿ ಇಬ್ರೂ ಕಾಲಲ್ಲೇ ದುಡಿಯೋದು, ಕೈ ಬರೀ ನೆಪಕ್ಕೆ" ಎಂದು ಅವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳ ಕೆಲಸ ಆಸ್ಪತ್ರೆಯ ಮೂತ್ರಪಿಂಡ ವಿಭಾಗದ್ದು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಮನೆಯಿಂದ ಕರೆತಂದು, ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಎದ್ದ ಮೇಲೆ ಮತ್ತೆ ಮನೆ ಮುಟ್ಟಿಸಬೇಕು. ಒಬ್ಬೊಬ್ಬರಿಗೂ ವಾರಕ್ಕೆ ಮೂರು ಸಲ. ಇದಕ್ಕೆಂದೇ ಹನ್ನೊಂದು ಕಾರುಗಳಿದ್ದವು. ಬರುವಾಗ ಅವರ ಮೈಯಲ್ಲಿ ನೀರು ತುಂಬಿಕೊಂಡು ಕಾಲು ಮುಖ ಬಾತಿರುತ್ತಿದ್ದವು. ಹೋಗುವಾಗ ಎರಡು ಮೂರು ಕಿಲೋ ಹಗುರಾಗಿ, ಹಿಂಡಿ ಒಣಹಾಕಿದ ಬಟ್ಟೆಯಂತಿರುತ್ತಿದ್ದರು. ಹಿಂದಿನ ಸ್ಪ್ರಿಂಗು ಎಷ್ಟು ತಗ್ಗಿತು ಎಂಬುದರ ಮೇಲೆಯೇ ಯಾರು ಡಾಕ್ಟರ ಕಣ್ಣು ತಪ್ಪಿಸಿ ನೀರು ಕುಡಿದಿದ್ದಾರೆಂದು ಅವಳು ಹೇಳಬಲ್ಲವಳಾಗಿದ್ದಳು. ಹೇಳಿದರೆ ಅವರಿಗೆ ನಾಚಿಕೆಯಾಗುತ್ತದೆಂದು ಸುಮ್ಮನಿರುತ್ತಿದ್ದಳು.

ಅವಳ ಕಾರಿನಲ್ಲಿ ಆರು ವರ್ಷದಿಂದ ತಪ್ಪದೆ ಕೂರುತ್ತಿದ್ದವರು ಭೂಗೋಳದ ಮೇಷ್ಟ್ರು. ಎಪ್ಪತ್ತೊಂದರ ವಯಸ್ಸು, ಗುಡ್ಡದ ಮೇಲಿನ ಕಲ್ಲುಗಣಿ ಊರು, ಆಸ್ಪತ್ರೆಯಿಂದ ಮೂವತ್ತನಾಲ್ಕು ಕಿಲೋಮೀಟರ್. "ಭೂಮಿ ಮೇಲಿನ ನದಿಗಳನ್ನೆಲ್ಲ ಪಾಠ ಮಾಡಿ ಮುಗಿಸಿದೆ. ಈಗ ನನ್ನ ತೋಳಲ್ಲೇ ಒಂದು ನದಿ ತಿರುಗಿಸಿಬಿಟ್ರು ನೋಡು" ಎಂದು ಎಡತೋಳನ್ನು ತೋರಿಸುತ್ತಿದ್ದರು. ದಪ್ಪ ಸೂಜಿ ಚುಚ್ಚಲೆಂದು ಶಸ್ತ್ರಕ್ರಿಯೆ ಮಾಡಿ ಹಿಗ್ಗಿಸಿದ ರಕ್ತನಾಳ ಅಲ್ಲಿ ಚರ್ಮದಡಿ ಹಗ್ಗದ ಹಾಗೆ ಎದ್ದಿತ್ತು. ಕಿವಿಯಿಟ್ಟರೆ ಝುಳುಝುಳು ಸದ್ದು ಕೇಳಿಸುತ್ತಿತ್ತು. ಆ ನಾಳವೇ ಅವರ ಜೀವ.

ಹಳೆಯ ಕಾರುಗಳು ಒಂದೊಂದಾಗಿ ಕೈಕೊಡತೊಡಗಿದಾಗ ಆಡಳಿತದವರು ಹೊಸ ವಾಹನಾಧಿಕಾರಿಯೊಬ್ಬರನ್ನು ನೇಮಿಸಿದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಲ್ಯಾಪ್‌ಟಾಪು, ಮಾತು ಬೆಣ್ಣೆ. ಒಂದು ಬೆಳಿಗ್ಗೆ ಶೆಡ್ಡಿಗೆ ಮೂರು ಬಿಳಿ ಕಾರುಗಳು ಬಂದು ಸಾಲಾಗಿ ನಿಂತವು. ಒಂದು ಡೀಸೆಲಿನದು. ಒಂದು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ನಿನ ಜೊತೆಗೆ ಬ್ಯಾಟರಿಯೂ ಎಳೆಯುವಂಥದ್ದು. ಮೂರನೆಯದು ನೈಸರ್ಗಿಕ ಅನಿಲದ್ದು. ಶೆಡ್ಡಿನವರ ಮಾತಿನಲ್ಲಿ ಗ್ಯಾಸ್ ಕಾರು.

"ಮುಂದಿನ ಹತ್ತು ವರ್ಷಕ್ಕೆ ನಮ್ಮ ಆಸ್ಪತ್ರೆಗೆ ಯಾವ ಗಾಡಿ ಸರಿ ಅನ್ನೋದನ್ನ ವೈಜ್ಞಾನಿಕವಾಗಿ ತೀರ್ಮಾನ ಮಾಡ್ತೀವಿ" ಎಂದರು ಅಧಿಕಾರಿ. "ಎಲ್ಲರಿಗಿಂತ ಹಳಬರು ಅಂದ್ರೆ ಇವರು. ತಿಂಗಳಿಗೊಂದರಂತೆ ಮೂರನ್ನೂ ಇವರೇ ಓಡಿಸಲಿ. ನಿಮ್ಮ ಅನುಭವವೇ ನಮಗೆ ಆಧಾರಮ್ಮ."

ಗೇರಕ್ಕನಿಗೆ ಆ ಮಾತು ಎದೆಗೆ ನಾಟಿತು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಹೇಳಿದವರಿದ್ದರೇ ಹೊರತು ಕೇಳಿದವರಿರಲಿಲ್ಲ. ಅಂದು ಮನೆಗೆ ಹೋಗಿ ಗಂಡನ ಹತ್ತಿರ ಒಳ್ಳೆಯ ಪೆನ್ನೊಂದನ್ನು ತರಿಸಿಕೊಂಡಳು.

ದಿನಕ್ಕೊಂದು ನಮೂನೆ ತುಂಬಬೇಕಿತ್ತು, ಎರಡೆರಡು ಪ್ರತಿ. ಒಂದು ಆಫೀಸಿಗೆ, ಇನ್ನೊಂದು ಶೆಡ್ಡಿನ ಡ್ರಾಯರಿಗೆ. ಎಷ್ಟು ದೂರ, ಎಷ್ಟು ಇಂಧನ, ಎಷ್ಟು ಹೊತ್ತು ಎಂದು ಅಗಲಗಲ ಕಾಲಮ್ಮುಗಳು. ಕಟ್ಟಕಡೆಗೆ 'ಚಾಲಕರ ಟೀಕೆ' ಎಂಬುದೊಂದು, ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ ಏನು ಬರೆಯುವುದು? ಅವಳು 'ಹಿಂದೆ ನೋಡಿ' ಎಂದು ಬರೆದು, ಹಾಳೆ ಮಗುಚಿ, ಹಿಂಬದಿಯನ್ನು ಪೂರ್ತಿ ತುಂಬುತ್ತಿದ್ದಳು. ಮುಂಬದಿಯ ಕೆಳಗೆ ರುಜು.

ಮೊದಲ ತಿಂಗಳು ಡೀಸೆಲು. ಕಲ್ಲುಗಣಿಯ ಏರಿನಲ್ಲಿ ಮೂವರು ರೋಗಿಗಳು, ಒಂದು ಗಾಲಿಕುರ್ಚಿ, ಆಮ್ಲಜನಕದ ಸಿಲಿಂಡರು ಎಲ್ಲವನ್ನೂ ಹೊತ್ತು ಅದು ಒಂದು ಸಲವೂ ಏದುಸಿರು ಬಿಡಲಿಲ್ಲ. ಒಮ್ಮೆ ಟ್ಯಾಂಕು ತುಂಬಿಸಿದರೆ ವಾರ ಕಳೆಯುತ್ತಿತ್ತು. ಆದರೆ ಪೇಟೆಯೊಳಗೆ, ಎರಡು ಕಿಲೋಮೀಟರಿಗೊಬ್ಬರನ್ನು ಹತ್ತಿಸಿ ಇಳಿಸುವ ಸವಾರಿ ಬಿದ್ದ ವಾರ ಹೊಗೆಯ ಮಸಿ ಹಿಡಿಯುವ ಫಿಲ್ಟರು ಕಟ್ಟಿಕೊಂಡು ಹಳದಿ ದೀಪ ಹತ್ತಿತು. ವರ್ಕ್‌ಶಾಪಿನವನು, "ಹೆದ್ದಾರೀಲಿ ಅರ್ಧ ಗಂಟೆ ಜೋರಾಗಿ ಓಡಿಸ್ಕೊಂಡು ಬನ್ನಿ, ಮಸಿ ತಾನಾಗೇ ಸುಟ್ಟು ಹೋಗುತ್ತೆ" ಎಂದ. ಖಾಲಿ ಕಾರನ್ನು ಊರಾಚೆ ಓಡಿಸಿಕೊಂಡು ಬಂದು ಅವಳು ಹಿಂಬದಿಯಲ್ಲಿ ಬರೆದಳು: 'ಹೊಗೆ ಸುಡಲು ಎಣ್ಣೆ ಸುಟ್ಟೆ. ಗುಡ್ಡದ ದಾರಿಗೆ ಈ ಗಾಡಿ ಆನೆ. ಪೇಟೆಗೆ ಬೇಡ. ವಾರ್ಡಿನ ಕಿಟಕಿಯ ಕೆಳಗೆ ಇಂಜಿನ್ ಚಾಲೂ ಇಟ್ಟು ನಿಲ್ಲಿಸಬಾರದು, ಒಳಗೆ ಮಲಗಿದವರು ಕೆಮ್ಮುತ್ತಾರೆ.'

ಎರಡನೇ ತಿಂಗಳು ಹೈಬ್ರಿಡ್. ಅದಕ್ಕೆ ಕ್ಲಚ್ಚೂ ಇಲ್ಲ, ಬದಲಿಸುವ ಗೇರೂ ಇಲ್ಲ. ಶೆಡ್ಡಿನಲ್ಲಿ ಅವಳ ಜೊತೆಗಾರ ಉದ್ದಣ್ಣ, ಯಾವ ಕಾರಿನಲ್ಲಿ ಕೂತರೂ ಮಂಡಿ ಗಡ್ಡಕ್ಕೆ ತಾಗುವಂಥ ಆಳು, ಬಾಗಿಲಿಗೆ ಒರಗಿಕೊಂಡು, "ಗೇರೇ ಇಲ್ದಿರೋ ಗಾಡಿಗೆ ಗೇರಕ್ಕ. ಇನ್ನು ನಿನ್ನನ್ನ ಬರೀ ಅಕ್ಕ ಅನ್ನಬೇಕಷ್ಟೆ" ಎಂದ. ಪೇಟೆಯಲ್ಲಿ ಅದು ಅವಳ ಮನಸ್ಸು ಗೆದ್ದಿತು. ಸಿಗ್ನಲ್ಲಿನಲ್ಲಿ ಉಸಿರೇ ಇಲ್ಲದ ಹಾಗೆ ನಿಲ್ಲುತ್ತಿತ್ತು. ಬ್ರೇಕು ಒತ್ತಿದಾಗಲೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತಿತ್ತು. ಹಳೆಯ ಕಾರು ಕುಡಿಯುತ್ತಿದ್ದುದರಲ್ಲಿ ಅರ್ಧ ಪೆಟ್ರೋಲಿಗೆ ಅದೇ ಬೀದಿಗಳನ್ನು ಸುತ್ತಿ ಬಂತು. ಸದ್ದಿಲ್ಲದ್ದರಿಂದ ಮೇಷ್ಟ್ರು ದಾರಿಯುದ್ದಕ್ಕೂ ನಿದ್ದೆ ಹೋದರು. ಆದರೆ ಹೆದ್ದಾರಿಯಲ್ಲಿ ಆ ಉಳಿತಾಯವೆಲ್ಲ ಮಾಯ. ಸೀಟು ತಗ್ಗು, ಮಂಡಿನೋವಿನವರನ್ನು ಎಬ್ಬಿಸಲು ಅವಳ ಸೊಂಟ ಹೋಗುತ್ತಿತ್ತು. ಜೊತೆಗೆ ಒಂದು ದಿನ ಹಿಂದಕ್ಕೆ ತೆಗೆಯುವಾಗ ಗೇಟಿನ ಕಾವಲುಗಾರನಿಗೆ ಕಾರು ಬಂದದ್ದೇ ಗೊತ್ತಾಗದೆ ಅವನ ಕುರ್ಚಿಗೆ ತಾಗಿತು. ಇದನ್ನೂ ಅವಳು ಮುಚ್ಚಿಡಲಿಲ್ಲ. 'ತಪ್ಪು ನನ್ನದೂ ಇದೆ, ಗಾಡಿಯದೂ ಇದೆ' ಎಂದು ಹಿಂಬದಿಯಲ್ಲಿ ಬರೆದಳು.

ಮೂರನೇ ತಿಂಗಳು ಗ್ಯಾಸ್. ಓಟ ನುಣುಪು, ಹೊಗೆ ಕಣ್ಣಿಗೆ ಕಾಣದು. ಮೊದಲ ವಾರ ಅವಳು ಹೊಗಳಿಯೇ ಬರೆದಳು. ತೊಂದರೆ ಇದ್ದದ್ದು ಡಿಕ್ಕಿಯಲ್ಲಿ. ಗ್ಯಾಸಿನ ಟ್ಯಾಂಕು ಡಿಕ್ಕಿಯನ್ನೆಲ್ಲ ನುಂಗಿಕೊಂಡಿತ್ತು. ಗಾಲಿಕುರ್ಚಿಯನ್ನು ಮಡಚಿ ಮುಂದಿನ ಸೀಟಿಗೆ ತುರುಕಬೇಕು; ಹಾಗಾಗಿ ಒಬ್ಬ ರೋಗಿ ಕಡಿಮೆ. ಊರಿಗೆಲ್ಲ ಎರಡೇ ಗ್ಯಾಸ್ ಪಂಪು. ಬೆಳಿಗ್ಗೆ ಹೋದರೆ ಒತ್ತಡ ಸಾಲದೆ ಅರ್ಧ ಟ್ಯಾಂಕು ತುಂಬುತ್ತಿತ್ತು, ಮಧ್ಯಾಹ್ನ ಹೋದರೆ ಸಾಲು ರಸ್ತೆಯವರೆಗೆ. ಆ ಕಾರಿಗೆ ಪೆಟ್ರೋಲಿನಲ್ಲೂ ಓಡುವ ಅನುಕೂಲವಿತ್ತು. ಆದರೆ ಅಧಿಕಾರಿ, "ಪರೀಕ್ಷೆ ಶುದ್ಧವಾಗಿರಬೇಕು. ಸ್ಟಾರ್ಟ್ ಆಗೋಕೆ ಬೇಕಾದಷ್ಟು ಬಿಟ್ಟು ಪೆಟ್ರೋಲ್ ಹಾಕಿಸಬಾರದು" ಎಂದು ಕಟ್ಟಪ್ಪಣೆ ಮಾಡಿದ್ದರು. ಹಿಂಬದಿಯಲ್ಲಿ ಅವಳು ಅದರ ಬಗ್ಗೆ ಮೂರು ಸಲ ಬರೆದಳು. ಉತ್ತರ ಬರಲಿಲ್ಲ.

ಹದಿನೇಳನೇ ದಿನ. ಬೆಳಿಗ್ಗೆ ಅರ್ಧ ಟ್ಯಾಂಕೇ ಸಿಕ್ಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಮೇಷ್ಟ್ರನ್ನು ಕೂರಿಸಿಕೊಂಡು ಹೊರಟಾಗ ಮುಳ್ಳು ತಳ ಮುಟ್ಟುತ್ತಿತ್ತು. ಗುಡ್ಡದ ದಾರಿಯಲ್ಲಿ ಪಂಪಿಲ್ಲ. ವಿಧಿಯಿಲ್ಲದೆ ಊರಂಚಿನ ಪಂಪಿಗೆ ತಿರುಗಿಸಿದಳು. ಮುಂದೆ ಹದಿನಾಲ್ಕು ಗಾಡಿ. ನೆತ್ತಿ ಸುಡುವ ಬಿಸಿಲು. ಮುಕ್ಕಾಲು ಗಂಟೆ ಕಾದ ಮೇಲೆ ಸರದಿ ಬಂದಾಗ ಪಂಪಿನವನು ಬಾಗಿಲು ತಟ್ಟಿದ.

"ಎಲ್ರೂ ಇಳೀಬೇಕು."

"ಅಣ್ಣ, ಇವ್ರು ಈಗ ತಾನೇ ಡಯಾಲಿಸಿಸ್ ಮುಗಿಸ್ಕೊಂಡು ಬಂದಿದ್ದಾರೆ. ನಿಲ್ಲೋಕಾಗಲ್ಲ."

"ಅಕ್ಕ, ಒಳಗೆ ಜನ ಇದ್ರೆ ಗ್ಯಾಸ್ ತುಂಬ್ಸಂಗಿಲ್ಲ. ಏನಾದ್ರೂ ಆದ್ರೆ ನನ್ನ ತಲೆ ಹೋಗುತ್ತೆ" ಎಂದು ಅವನು ಬೋರ್ಡು ತೋರಿಸಿದ.

ಅವನದೇನೂ ತಪ್ಪಿರಲಿಲ್ಲ. ನಿಯಮ ಇದ್ದದ್ದು ಜೀವ ಉಳಿಸಲು. ಅದು ಅವಳಿಗೂ ಗೊತ್ತಿತ್ತು. ಮುಂದಿನ ಸೀಟಿನಿಂದ ಗಾಲಿಕುರ್ಚಿ ಎಳೆಯಲು ಅವಳು ಆ ಬದಿಗೆ ಹೋದಳು. ಅಷ್ಟರಲ್ಲಿ ಮೇಷ್ಟ್ರು, ಯಾರಿಗೂ ಹೊರೆಯಾಗಬಾರದೆಂಬ ಹಾಳು ಸಂಕೋಚದಿಂದ ತಾವೇ ಬಾಗಿಲು ತೆಗೆದು ಎದ್ದು ನಿಂತಿದ್ದರು. "ಪರವಾಗಿಲ್ಲ ಬಿಡಮ್ಮ, ಎರಡು ನಿಮಿಷ ತಾನೆ" ಎಂದರು. ಮಾತು ಮುಗಿಯುವ ಮುಂಚೆಯೇ ಕಣ್ಣು ಕತ್ತಲಿಟ್ಟು ಎಡಗೈ ಅಡಿಯಾಗಿ ಕಾಂಕ್ರೀಟಿನ ಮೇಲೆ ಬಿದ್ದರು.

ಸೂಜಿ ತೆಗೆದ ಜಾಗದ ಪಟ್ಟಿ ಕಿತ್ತು ರಕ್ತ ಚಿಮ್ಮಿತು. ಗೇರಕ್ಕ ಮಂಡಿಯೂರಿ ಹೆಬ್ಬೆರಳಿನಿಂದ ಅದುಮಿ ಹಿಡಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಟ್ಯಾಕ್ಸಿಯವನು ತನ್ನ ಕಾರನ್ನು ಪಕ್ಕಕ್ಕೆ ತಂದ; ಪಂಪಿನವನೇ ಮೇಷ್ಟ್ರ ಕಾಲು ಹಿಡಿದು ಎತ್ತಿದ. ಆಸ್ಪತ್ರೆ ಮುಟ್ಟಲು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಅವಳು ಹೆಬ್ಬೆರಳು ಎತ್ತಲಿಲ್ಲ. ಮೇಷ್ಟ್ರು ನಡುವೆ ಒಮ್ಮೆ ಕಣ್ಣು ಬಿಟ್ಟು, "ನಿನ್ನ ಗಾಡಿ ಅಲ್ಲೇ ಬಿಟ್ಟು ಬಂದ್ಯಲ್ಲ, ಬೈತಾರೆ" ಎಂದರು.

"ಬಿದ್ದಿರ್ಲಿ ಬಿಡಿ ಮೇಷ್ಟ್ರೇ. ಮಾತಾಡ್ಬೇಡಿ."

ಜೀವ ಉಳಿಯಿತು. ನಾಳ ಉಳಿಯಲಿಲ್ಲ. ಪೆಟ್ಟಿಗೆ ಅದು ಹೆಪ್ಪುಗಟ್ಟಿ ಝುಳುಝುಳು ನಿಂತುಹೋಯಿತು. ಇನ್ನೊಂದು ತೋಳಿನಲ್ಲಿ ಹೊಸದನ್ನು ಮಾಡಿ ಅದು ಹದಕ್ಕೆ ಬರುವವರೆಗೆ ಕುತ್ತಿಗೆಗೇ ನಳಿಕೆ ಹಾಕಬೇಕಾಯಿತು. ಅಂದು ಸಂಜೆ ಗೇರಕ್ಕ ನಮೂನೆ ತುಂಬಿದಳು. ಟೀಕೆ: ಹಿಂದೆ ನೋಡಿ. ಹಿಂಬದಿ ಸಾಲದೆ ಇನ್ನೊಂದು ಹಾಳೆ ಹಚ್ಚಿದಳು.

ಆರು ವಾರದ ನಂತರ ವರದಿ ಬಂತು. ಅರವತ್ತೆರಡು ಪುಟ, ಮಿರಮಿರ ಮಿಂಚುವ ಕಾಗದ, ರಕ್ಷಾಪುಟದಲ್ಲಿ ಮೂರು ಬಿಳಿ ಕಾರು. ಅಧಿಕಾರಿಯೇ ಶೆಡ್ಡಿಗೆ ಒಂದು ಪ್ರತಿ ಕಳಿಸಿ, ಹನ್ನೊಂದೂ ಗ್ಯಾಸ್ ಕಾರೇ ಬರುತ್ತವೆ, ಫೋಟೋ ತೆಗೆಯುವುದಿದೆ, ಗುರುವಾರ ಎಲ್ಲರೂ ಸಮವಸ್ತ್ರ ಒಗೆದು ಹಾಕಿಕೊಂಡು ಬನ್ನಿ ಎಂದು ಹೇಳಿಸಿದ್ದರು. ಉದ್ದಣ್ಣ ಪುಟ ಮಗುಚುತ್ತಿದ್ದವನು ಹದಿನಾಲ್ಕರಲ್ಲಿ ನಿಂತ.

"ಅಕ್ಕ, ಇಲ್ಲಿ ನೋಡು. ಇದು ನಿಂದಲ್ವಾ?"

ಅಲ್ಲಿ ಒಂದು ಪಟ್ಟಿ. 'ಚಾಲಕರ ಟೀಕೆ' ಎಂಬುದರ ಕೆಳಗೆ ತೊಂಬತ್ತು ದಿನವೂ 'ಇಲ್ಲ', 'ಇಲ್ಲ', 'ಇಲ್ಲ'. ಅದರಡಿ ದಪ್ಪ ಅಕ್ಷರದಲ್ಲಿ: 'ಮೂರೂ ವಾಹನಗಳನ್ನು ಚಲಾಯಿಸಿದ ಹಿರಿಯ ಚಾಲಕಿ ಅನಿಲ ವಾಹನದ ಬಗ್ಗೆ ಪೂರ್ಣ ತೃಪ್ತಿ ವ್ಯಕ್ತಪಡಿಸಿರುತ್ತಾರೆ. ಪ್ರಯಾಣಿಕರಿಗೆ ಯಾವುದೇ ಅನನುಕೂಲ ವರದಿಯಾಗಿಲ್ಲ.' ಕೆಳಗೆ ಅವಳ ರುಜು. ಯಾವುದೋ ನಮೂನೆಯಿಂದ ಕತ್ತರಿಸಿ ಅಂಟಿಸಿದ್ದು. ಆದರೂ ಅವಳದೇ.

ಗೇರಕ್ಕನ ಕಿವಿ ಕಾದುಹೋಯಿತು. ಯಾರೋ ಹಾಡಹಗಲೇ ಅವಳ ಕೈ ಕತ್ತರಿಸಿಕೊಂಡು ಹೋಗಿ ಕದ್ದ ಮಾಲಿನ ಮೇಲೆ ಇಟ್ಟ ಹಾಗೆ ಅನ್ನಿಸಿತು. ವರದಿಯ ಉಳಿದ ಪುಟಗಳನ್ನು ಮಗುಚುತ್ತಲೇ ನೇರ ಎರಡನೇ ಮಹಡಿಗೆ ಹತ್ತಿದಳು. ಉದ್ದಣ್ಣ ಹಿಂದೆಯೇ ಬಂದ.

ಅಧಿಕಾರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಕೂತ್ಕೊಳ್ಳಿ ಅಮ್ಮ" ಎಂದರು. "ಏನಾಗಿದೆ ಅಂದ್ರೆ, ನಮೂನೆ ಸ್ಕ್ಯಾನ್ ಮಾಡುವಾಗ ಮುಂಬದಿ ಮಾತ್ರ ಬಂದಿದೆ."

"ಮುಂಬದೀಲೇ 'ಹಿಂದೆ ನೋಡಿ' ಅಂತ ಬರ್ದಿದ್ದೆನಲ್ಲ ಸಾರ್. ತೊಂಬತ್ತು ಸಲ."

"ಅದು ಟೀಕೆ ಅಲ್ವಲ್ಲಮ್ಮ. ಕಂಪ್ಯೂಟರಿಗೆ ಅದು ಖಾಲಿ. ಖಾಲಿ ಅಂದ್ರೆ ತಕರಾರಿಲ್ಲ. ತಕರಾರಿಲ್ಲ ಅಂದ್ರೆ ತೃಪ್ತಿ."

ಬಾಗಿಲ ಬಳಿ ನಿಂತಿದ್ದ ಉದ್ದಣ್ಣ, "ಡ್ರೈವರ್ ಬರ್ದಿದ್ದಲ್ವಾ, ರಿವರ್ಸ್ ತೆಗೆಯೋವಾಗಿನ ಬುದ್ಧಿಮಾತು ಅಂದ್ಕೊಂಡಿರ್ತಾರೆ ಬಿಡು" ಎಂದು ಗೊಣಗಿದ.

"ಸಾರ್, ಮೇಷ್ಟ್ರು ಬಿದ್ದಿದ್ದು?"

"ಅದು ದುರದೃಷ್ಟ. ಆದರೆ ಒಂದೇ ಒಂದು ಘಟನೆ. ಎಲ್ಲ ಪ್ರಯಾಣಗಳ ಸರಾಸರಿ ತೆಗೆದರೆ ಅದು ಕಾಣಿಸೋದೇ ಇಲ್ಲ."

"ಮೇಷ್ಟ್ರು ಸರಾಸರಿ ಬಿದ್ದಿಲ್ಲ ಸಾರ್. ಪೂರ್ತಿ ಬಿದ್ದಿದ್ದಾರೆ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಗೇರಕ್ಕ ವರದಿಯ ಕೊನೆಯ ಪುಟಗಳನ್ನು ತೆರೆದು ಅವರ ಮುಂದಿಟ್ಟಳು. ಮೆಟ್ಟಿಲು ಹತ್ತುವಾಗ ಕಣ್ಣಿಗೆ ಬಿದ್ದಿತ್ತು. ಹನ್ನೊಂದು ಗ್ಯಾಸ್ ಕಾರಿಗೆ ಬೇಡಿಕೆ ಸಲ್ಲಿಸಿದ ಪತ್ರದ ನಕಲು. ಅದರ ಮೇಲಿನ ತಾರೀಖು, ಅವಳು ಇನ್ನೂ ಡೀಸೆಲ್ ಕಾರು ಓಡಿಸುತ್ತಿದ್ದ ಎರಡನೇ ವಾರದ್ದು.

"ಇದೇನ್ ಸಾರ್? ಮದುವೆ ಮುಗಿಸಿ ಆಮೇಲೆ ಹೆಣ್ಣು ನೋಡೋಕೆ ಕಳ್ಸಿದ್ರಾ ನನ್ನ?"

"ನಿರ್ದೇಶಕರು ಮೊದಲೇ ಒಂದು ಕಡೆ ಮಾತು ಕೊಟ್ಟಿದ್ರು. ಪೂರಾ ಅನಿಲದ ಆಸ್ಪತ್ರೆ ಅಂತ. ಇದೆಲ್ಲ ನಿನಗೆ ಅರ್ಥ ಆಗಲ್ಲಮ್ಮ."

'ನೀವು' ಎಂದು ಶುರುವಾದದ್ದು 'ನೀನು' ಆದದ್ದನ್ನು ಅವಳು ಗಮನಿಸಿದಳು. "ಅರ್ಥ ಆಯ್ತು ಸಾರ್" ಎಂದು ಎದ್ದಳು.

ಮನೆಗೆ ಬಂದು ಬಾಗಿಲು ಹಾಕಿದ ರಭಸಕ್ಕೆ ದರ್ಜಿ ಯಂತ್ರ ನಿಲ್ಲಿಸಿದ. ಎಲ್ಲವನ್ನೂ ಕೇಳಿಸಿಕೊಂಡು, "ಅಲ್ವೇ, ನಿನಗೆ ಗ್ಯಾಸ್ ಮೇಲೆ ಅಷ್ಟ್ಯಾಕೆ ಹಗೆ?" ಎಂದ.

"ಗ್ಯಾಸ್ ಏನ್ರೀ ಮಾಡ್ತು ಪಾಪ. ಪಂಪಿನ ಹತ್ರದ ಬಡಾವಣೆಗಳಿಗೆ, ನಡೆದಾಡೋ ರೋಗಿಗಳಿಗೆ ಅದು ಚೆನ್ನಾಗೇ ಇದೆ. ಖಾಲಿ ಇದ್ದಾಗ ತುಂಬಿಸ್ಕೊಂಡ್ರೆ ಆಯ್ತು. ಪೇಟೆ ಒಳಗೆ ಆ ಬ್ಯಾಟರಿದು ಸರಿ. ಗುಡ್ಡಕ್ಕೆ ಡೀಸೆಲ್ಲೇ ಆಗ್ಬೇಕು, ಇವತ್ತಿಗೆ. ನಾಳೆ ಇನ್ನೊಂದು ಬರುತ್ತೆ, ಆಗ ಅದನ್ನ ನೋಡೋಣ. ಯಾವ ಗಾಡೀನೂ ಕೆಟ್ಟದ್ದಲ್ಲ. ಯಾರನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀವಿ ಅಂತ ಕೇಳ್ದೆ ಗಾಡಿ ಆರಿಸ್ತಾರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ."

"ಮೈ ಅಳತೆ ತಗೋಳ್ದೆ ಹನ್ನೊಂದು ಜನಕ್ಕೂ ಒಂದೇ ಅಂಗಿ ಹೊಲಿ ಅಂದ ಹಾಗಾಯ್ತು" ಎಂದ ದರ್ಜಿ. ಸೂಜಿಗೆ ದಾರ ಪೋಣಿಸುತ್ತ, "ಎರಡನೇ ಪ್ರತಿ ಶೆಡ್ಡಲ್ಲೇ ಇದೆ ಅಂದ್ಯಲ್ಲ?" ಎಂದು ಕೇಳಿದ.

ಮರುದಿನ ಡ್ರಾಯರಿನಿಂದ ಹದಿನೇಳನೇ ದಿನದ ನಮೂನೆ ಹೊರಗೆ ಬಂತು. ಗೇರಕ್ಕ ಅದರ ಹಿಂಬದಿಯನ್ನೂ ಹಚ್ಚಿದ ಹಾಳೆಯನ್ನೂ ನಕಲು ಮಾಡಿಸಿ ಡಯಾಲಿಸಿಸ್ ವಾರ್ಡಿಗೆ ಒಯ್ದಳು. ಹೊಸದಾಗಿ ಒಂದಕ್ಷರ ಸೇರಿಸಲಿಲ್ಲ. ಹಿರಿಯ ನರ್ಸು ಓದಿ, ರೋಗಿಗಳ ರುಜು, ಹೆಬ್ಬೆಟ್ಟಿಗೆಂದು ತನ್ನ ಮೇಜಿನ ಸ್ಟಾಂಪ್ ಪ್ಯಾಡು ಮತ್ತು ಪೆನ್ನನ್ನು ಮುಂದೆ ತಳ್ಳಿದಳು. ಅವಳ ಘಟನೆಗಳ ಪುಸ್ತಕದಲ್ಲಿ ಆ ದಿನದ ನಮೂದು ಗಂಟೆ ನಿಮಿಷದೊಂದಿಗೆ ಇತ್ತು. ಅದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ.

ಯಂತ್ರಗಳ ಸಾಲಿನಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ಓದಿದರು. ಹಲವರಿಗೆ ಬರೆಯುವ ಕೈಗೇ ಸೂಜಿ ಹಾಕಿತ್ತು. ಅವರು ಇನ್ನೊಂದು ಕೈಯಲ್ಲಿ, ಒಂದನೇ ತರಗತಿಯ ಮಕ್ಕಳ ಹಾಗೆ ಸೊಟ್ಟಸೊಟ್ಟಾಗಿ ಬರೆದರು. ಮೂರು ದಿನದಲ್ಲಿ ಮೂವತ್ತಾರು ರುಜು. ಮೇಷ್ಟ್ರು ಕುತ್ತಿಗೆಯ ನಳಿಕೆ ಅಲುಗದಂತೆ ನೆಟ್ಟಗೆ ಕೂತು ರುಜು ಹಾಕಿ, "ನನ್ನಿಂದ ನಿನಗೆ ತೊಂದ್ರೆ ಆಯ್ತಲ್ಲ" ಎಂದರು.

"ಇನ್ನೊಂದ್ಸಲ ಹಾಗಂದ್ರೆ ನಿಮ್ಮನ್ನ ನಡೆಸ್ಕೊಂಡೇ ಊರಿಗೆ ಕರ್ಕೊಂಡು ಹೋಗ್ತೀನಿ ಮೇಷ್ಟ್ರೇ" ಎಂದಳು.

ಆ ಹಾಳೆಯನ್ನು ಹಿರಿಯ ನರ್ಸು ವಾರ್ಡಿನ ಬಾಗಿಲಿಗೇ ಅಂಟಿಸಿದಳು. ಮೂತ್ರಪಿಂಡ ವಿಭಾಗದ ದೊಡ್ಡ ಡಾಕ್ಟರು ಬೆಳಗಿನ ಸುತ್ತಿಗೆ ಬಂದವರು ಓದಿ, ಅಲ್ಲೇ ನಿಂತು ಎರಡನೇ ಸಲ ಓದಿ, "ಇದು ನನಗೇಕೆ ಬರಲಿಲ್ಲ?" ಎಂದು ಕೇಳಿದರು. ಅಂದು ಮಧ್ಯಾಹ್ನವೇ ಒಂದು ಸಾಲಿನ ಆದೇಶ ಹೊರಡಿಸಿದರು: ಡಯಾಲಿಸಿಸ್ ಮುಗಿಸಿದ ರೋಗಿ ಮನೆ ಸೇರುವ ಮುನ್ನ ಯಾವ ಕಾರಣಕ್ಕೂ ವಾಹನದಿಂದ ಇಳಿಯತಕ್ಕದ್ದಲ್ಲ.

ಆ ಒಂದು ಸಾಲಿಗೆ ನಿರ್ದೇಶಕರ ಕೋಣೆಯಲ್ಲಿ ಸಭೆ ಸೇರಿತು. ಫೋಟೋ ಮುಂದಕ್ಕೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಬೇಡಿಕೆ ಪತ್ರ ತಿದ್ದಲ್ಪಟ್ಟು, ಹನ್ನೊಂದರಲ್ಲಿ ನಾಲ್ಕು ಗ್ಯಾಸ್, ನಾಲ್ಕು ಹೈಬ್ರಿಡ್, ಮೂರು ಡೀಸೆಲ್ ಎಂದಾಯಿತು. ಗ್ಯಾಸ್ ಕಾರುಗಳು ಹತ್ತಿರದ ಬಡಾವಣೆಗಳಿಗೆ ಮಾತ್ರ. ರೋಗಿ ಹತ್ತುವ ಮುಂಚೆಯೇ ತುಂಬಿಸಬೇಕು. ಶೆಡ್ಡಿನಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. ಅವಳಿಗೆ ಸಂತೋಷವಾಯಿತು, ಆಗಲಿಲ್ಲವೆಂದಲ್ಲ. ಆದರೆ ಒಳಗೊಂದು ಮುಳ್ಳು ಮುರಿದುಕೊಂಡಿತ್ತು. "ಅದೇ ಮಾತು ನಾನು ಮೂರು ತಿಂಗಳು ಬರ್ದೆ. ನಾನು ಬರ್ದಾಗ ಖಾಲಿ, ಡಾಕ್ಟ್ರು ಬರ್ದಾಗ ಆದೇಶ" ಎಂದಳು ಉದ್ದಣ್ಣನಿಗೆ.

"ಕೆಲಸ ಆಯ್ತಲ್ಲಕ್ಕ. ಬಿಟ್ಬಿಡು."

ಅವಳು ಬಿಡುವವಳಿದ್ದಳೇನೋ. ಆದರೆ ತಿದ್ದಿದ ವರದಿಯೂ ಬಂತು. 'ಆಳವಾದ ವೈಜ್ಞಾನಿಕ ಅಧ್ಯಯನದ ಆಧಾರದ ಮೇಲೆ' ಮೂರೂ ಬಗೆಯ ವಾಹನಗಳನ್ನು ಆರಿಸಲಾಗಿದೆ ಎಂದು ಮೊದಲ ಪುಟದಲ್ಲೇ ಇತ್ತು. ಅಧಿಕಾರಿಗೆ ಅಭಿನಂದನೆ ಇತ್ತು. ಮೇಷ್ಟ್ರು ಎಲ್ಲೂ ಇರಲಿಲ್ಲ. ಹದಿನಾಲ್ಕನೇ ಪುಟ ಇದ್ದ ಹಾಗೇ ಇತ್ತು: ಟೀಕೆ ಇಲ್ಲ, ಪೂರ್ಣ ತೃಪ್ತಿ, ಯಾವುದೇ ಅನನುಕೂಲ ವರದಿಯಾಗಿಲ್ಲ. ಕೆಳಗೆ ಅವಳ ರುಜು.

ಮತ್ತೆ ಎರಡನೇ ಮಹಡಿ. ಈ ಸಲ ಅಧಿಕಾರಿಯ ಬೆಣ್ಣೆ ಮಾತು ಕರಗಿಹೋಗಿತ್ತು. "ನಿನಗೆ ಬೇಕಾದ ಗಾಡಿಗಳೇ ಬರ್ತಿವೆ. ಇನ್ನೇನಮ್ಮ ಬೇಕು?"

"ನನ್ನ ರುಜು ಬೇಕು ಸಾರ್."

"ಒಂದು ರುಜುಗೋಸ್ಕರ ಇನ್ನೂರು ಪ್ರತಿ ಮತ್ತೆ ಅಚ್ಚು ಹಾಕಿಸೋಕಾಗುತ್ತಾ?"

"ನಾಳೆ ಯಾರಾದ್ರೂ ಇದನ್ನ ತೆಗೆದು ನೋಡಿದ್ರೆ, ಮೇಷ್ಟ್ರು ಬಿದ್ದ ದಿನಾನೂ ನಾನು ತೃಪ್ತಿಯಾಗಿದ್ದೆ ಅಂತ ಇರುತ್ತೆ. ರಕ್ತ ಒರೆಸ್ಕೊಂಡು ಬಂದು ರುಜು ಹಾಕ್ದೆ ಅಂತ ಇರುತ್ತೆ. ಅದು ನಾನಲ್ಲ."

"ಯಾರು ಓದ್ತಾರಮ್ಮ ಅದನ್ನೆಲ್ಲ?"

"ನೀವು ಓದಿಲ್ಲ ಅಂತ ಯಾರೂ ಓದಲ್ಲ ಅನ್ಬೇಡಿ."

ಅವರು ಫೋನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಮಾತು ಮುಗಿಯಿತೆಂದು ಹೇಳುವ ರೀತಿ ಅದು.

ಗೇರಕ್ಕ ಕೆಳಗಿಳಿದು ದಾಖಲೆ ಕೋಣೆಗೆ ಹೋದಳು. ಆಸ್ಪತ್ರೆಯ ಕಾಯಂ ಪ್ರತಿಗಳಿರುವುದು ಅಲ್ಲೇ. ಕನ್ನಡಕದ ಗುಮಾಸ್ತೆ ಸಾಲು ಕಪಾಟಿನ ಮುಂದೆ ಧೂಳು ಕೊಡವುತ್ತಿದ್ದಳು. ವರದಿ ಕೇಳಿದ್ದಕ್ಕೆ ಕೊಟ್ಟಳು. ಗೇರಕ್ಕ ಮೇಜಿನ ಮೇಲೆ ಹದಿನಾಲ್ಕನೇ ಪುಟ ತೆರೆದು, ಅಂಗೈಯಿಂದ ನೀವಿ ಚಪ್ಪಟೆ ಮಾಡಿ, ತನ್ನ ರುಜುವಿನ ಮೇಲೆ ಎರಡು ಗೆರೆ ಎಳೆದಳು.

"ಅಯ್ಯೋ, ದಾಖಲೆ ಮೇಲೆ ಗೀಚಬಾರದಕ್ಕ" ಎಂದಳು ಗುಮಾಸ್ತೆ.

"ಗೀಚ್ತಾ ಇಲ್ಲಮ್ಮ. ತಿದ್ತಾ ಇದ್ದೀನಿ."

ಗೆರೆಯ ಕೆಳಗೆ, ಮುಂಬದಿಯಲ್ಲೇ, ಕಾಣುವಷ್ಟು ದೊಡ್ಡದಾಗಿ ಬರೆದಳು: 'ಈ ಮಾತಿಗೆ ನಾನು ರುಜು ಹಾಕಿಲ್ಲ. ಮೂರನೇ ತಿಂಗಳ ಹದಿನೇಳನೇ ದಿನ ಅನಿಲದ ಪಂಪಿನಲ್ಲಿ ಇಳಿಸಬೇಕಾಗಿ ಬಂದು ಒಬ್ಬ ರೋಗಿ ಬಿದ್ದು ತೋಳಿನ ನಾಳ ಕಳೆದುಕೊಂಡರು. ಅಂದು ನಾನು ಬರೆದದ್ದು ನಮೂನೆಯ ಹಿಂಬದಿಯಲ್ಲಿದೆ. ನಕಲು ಇದರ ಜೊತೆ ಇಟ್ಟಿದ್ದೇನೆ.' ತಾರೀಖು ಹಾಕಿದಳು. ಅದರಡಿ ರುಜು ಹಾಕಿದಳು, ನಿಧಾನವಾಗಿ, ಯಾವ ಅಕ್ಷರವನ್ನೂ ನುಂಗದೆ.

ಗುಮಾಸ್ತೆ ಓದಿದಳು. ಮೇಲಿನವರಿಗೆ ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಆಮೇಲೆ ಡ್ರಾಯರಿನಿಂದ ಸ್ಟೇಪ್ಲರ್ ತೆಗೆದು, ನಕಲು ಹಾಳೆಗಳನ್ನು ಆ ಪುಟಕ್ಕೆ ಸೇರಿಸಿ ಎರಡು ಕಡೆ ಒತ್ತಿದಳು.

"ಬಿದ್ದವರು ಈಗ ಹೇಗಿದ್ದಾರೆ?" ಎಂದು ಕೇಳಿದಳು.

"ಬಲಗೈಗೆ ಹೊಸದು ಮಾಡಿದ್ದಾರೆ. ಇನ್ನೊಂದು ತಿಂಗಳು ಬೇಕಂತೆ" ಎಂದು ಗೇರಕ್ಕ ಗೋಡೆಯ ಗಡಿಯಾರ ನೋಡಿದಳು. ಎರಡಾಗಲು ಹತ್ತು ನಿಮಿಷವಿತ್ತು. ವಾರ್ಡಿನಲ್ಲಿ ಮೇಷ್ಟ್ರನ್ನು ಯಂತ್ರದಿಂದ ಬಿಡಿಸುವ ಹೊತ್ತು. ಆ ಹೊತ್ತಿಗೆ ಗಾಲಿಕುರ್ಚಿ ಬಾಗಿಲಲ್ಲಿರಬೇಕೆಂದು ಅವಳು ಬೇಗ ಬೇಗ ಹೊರಟಳು.